ಅರ್ಧ ಅಂಕ

ಏಪ್ರಿಲ್. ಕಲಬುರಗಿ.
ಹದಿನಾರು ಕಂಪ್ಯೂಟರು, ಅದರಲ್ಲಿ ಒಂಬತ್ತಕ್ಕೆ ಜೀವ.
ಒಂದು ಕೂಲರ್; ಅದಕ್ಕೆ ನೀರು ತುಂಬುವ ಪಾಳಿ ಯಾರದೆಂದು ಜಗಳ.
ಮೂರನೇ ಸಾಲಿನಿಂದ ಗೌಸಿಯಾ ಎದ್ದು ನಿಂತಳು:
"ಮೇಡಂ, ನಂದು ತಪ್ಪಾಗ್ಯದ್ರಿ.
ಮಷೀನಿಂದು ಬ್ಯಾರೆ ಬಂದದ."

ಸೈನನ್ನು ಕಾಸಿನಿಂದ ಗುಣಿಸಿ ಅನುಕಲಿಸಬೇಕಿತ್ತು, ಅಷ್ಟೆ.
ಅವಳ ಹಾಳೆಯಲ್ಲಿ ಸೈನ್ ವರ್ಗದ ಅರ್ಧ.
ಪರದೆಯ ಮೇಲೆ ಕಾಸ್ ವರ್ಗದ ಅರ್ಧ, ಮುಂದೊಂದು ಮೈನಸ್.
ಪಕ್ಕದ ಭೀಮಾಶಂಕರನದು ಇಬ್ಬರ ಜತೆಗೂ ಸೇರದೆ
ದುಪ್ಪಟ್ಟು ಕೋನದ ಕಾಸು, ನಾಲ್ಕರಿಂದ ಭಾಗಿಸಿದ್ದು, ಅದಕ್ಕೂ ಮೈನಸ್.
ನಾನು ಬಗ್ಗಿ ನೋಡುವಷ್ಟರಲ್ಲಿ
ಅವಳು ತನ್ನದರ ಮೇಲೆ ಗೆರೆ ಎಳೆದಾಗಿತ್ತು.
ಎರಡು ಸಲ. ಹಾಳೆ ಹರಿಯುವಂತೆ.

ಯಾರು ಕಲಿಸಿದರು ಇವಳಿಗೆ,
ಯಂತ್ರ ಬೇರೆ ಮಾತಾಡಿದರೆ ತಪ್ಪು ತನ್ನದೇ ಎಂದು?
ನಾನೇ ಇರಬೇಕು.

"ಅಳಿಸಬ್ಯಾಡ, ಕಳಿ," ಅಂದೆ. "ನಿಂದರಾಗ ಅದರದನ್ನ ಕಳಿ."
ಕಳೆದಳು. ಯಂತ್ರ ಸೈನು ಕಾಸುಗಳನ್ನು ಹಾಗೇ ಸಾಲಾಗಿ ನಿಲ್ಲಿಸಿ
ಸುಮ್ಮನಾಯಿತು. ಹೇಳದೆ ಅದು ಏನನ್ನೂ ಸರಳ ಮಾಡುವುದಿಲ್ಲ.
ಸರಳಗೊಳಿಸು ಎಂಬ ಆಜ್ಞೆಯನ್ನು ಅವಳು
ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ ಒತ್ತಿದಳು.
ಅಷ್ಟೂ ಉದ್ದ ಕುಸಿದು ಉಳಿದದ್ದು: ಅರ್ಧ.
ಎಕ್ಸ್ ಇಲ್ಲ, ಕೋನವಿಲ್ಲ, ಬರೀ ಅರ್ಧ.
ಭೀಮಾಶಂಕರನದನ್ನು ಕಳೆದರೆ ಕಾಲು.
"ಅಂದ್ರ ಮೂರೂ ಖರೇನ?"
"ಮೂರೂ ಖರೆ."

ಅವಳ ಅಮ್ಮಿ ಗಂಜಿನ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುತ್ತಾಳೆ;
ಅದಕ್ಕೇ ನಾನು ಮಿಲ್ಲಿನ ಮಾತಿಗೆ ಬಂದೆ.
ಅವಕಲನ ಎಂದರೆ ತೊಗರಿ ಒಡೆಯುವುದು:
ಗಿರಣಿಗೆ ಸುರಿ, ಬೇಳೆ ಬೀಳುತ್ತದೆ, ಯೋಚನೆ ಬೇಡ.
ಅನುಕಲನ ಎಂದರೆ ಬೊಗಸೆ ತುಂಬ ಬೇಳೆ ಹಿಡಿದು
ಇದು ಎಂಥ ಕಾಳಾಗಿತ್ತು ಎಂದು ಕೇಳುವುದು.
ಬೇಳೆಗೆ ಬೇಳೆ ಜೋಡಿಸಬಹುದು. ಸಿಪ್ಪೆ?
ಕೆಂಪಿತ್ತೋ ಬಿಳಿಯಿತ್ತೋ, ಗಿರಣಿಗೆ ನೆನಪಿಲ್ಲ.
ಆ ಕಳೆದುಹೋದ ಹೊಟ್ಟೇ ಸ್ಥಿರಾಂಕ.

"ಹೊಟ್ಟು ಎಲ್ಲಿ ಹೋಗ್ತದ್ರಿ," ಅಂದಳು ಥಟ್ಟನೆ,
"ಚೀಲಕ್ಕ ಇಷ್ಟು ಅಂತ ಮಾರ್ತಾರ.
ನಮ್ಮ ಆಡಿಗಿ ನಾವೂ ತರ್ತೀವಿ."
ನನ್ನ ಉಪಮೆ ಅಲ್ಲಿಗೆ ನಿಂತಿತು.

ಆಮೇಲೆ ಹುಡುಗರಿಗೆ ಹುಕಿ ಬಂತು, ಏನೇನೋ ಕೇಳಿದರು.
ಎಕ್ಸ್ ವರ್ಗದ ವರ್ಗಮೂಲ ಎಕ್ಸೇ ಅಲ್ಲವೆ? ಯಂತ್ರ ಒಪ್ಪಲಿಲ್ಲ.
ಧನವೋ ಋಣವೋ ನೀವು ಹೇಳಿಲ್ಲವಲ್ಲ ಎಂದು
ಎಕ್ಸಿನ ಎರಡೂ ಮಗ್ಗುಲಿಗೆ ಕಡ್ಡಿ ನೆಟ್ಟು
ಅಡತಿ ಅಂಗಡಿಯ ಹಳೇ ಮುನೀಮನ ಹಾಗೆ ಕೂತಿತು.
ಎಕ್ಸಿಗೆ ಎಕ್ಸೇ ಘಾತವಾದದ್ದನ್ನು ಅನುಕಲಿಸು ಎಂದರೆ
ಒಂದು ಕ್ಷಣ ಯೋಚಿಸಿದಂತೆ ಮಾಡಿ,
ಕೊಟ್ಟ ಪ್ರಶ್ನೆಯನ್ನೇ ಉತ್ತರದ ಜಾಗದಲ್ಲಿಟ್ಟಿತು.
ಭೀಮಾಶಂಕರ ನಕ್ಕ: "ಪರೀಕ್ಷ್ಯಾಗ ನಾ ಹಿಂಗ ಬರದ್ರ
ಸೊನ್ನಿ ಕೊಡ್ತೀರಿ ನೀವು."
ಕೊಡುತ್ತೇನೆ. ಹೌದು.
ಕೆಲವಕ್ಕೆ ಅದೇ ಸುಲಭರೂಪ ಎಂದು
ಅವನಿಗೆ ಯಾವ ಬಾಯಿಂದ ಹೇಳಲಿ?

ಐದಕ್ಕೆ ಕರೆಂಟು ಹೋಯಿತು. ಯುಪಿಎಸ್ಸುಗಳು ಒಂದಾದ ಮೇಲೊಂದು ಚೀರಿ ಆರಿದವು.

ರಾತ್ರಿ ರೆಕಾರ್ಡು ತಿದ್ದಲು ಕೂತೆ.
ಹನ್ನೊಂದು ವರ್ಷ, ಕೊನೆಗೆ ಪ್ಲಸ್ ಸಿ ಬರೆಯದವರಿಗೆಲ್ಲ
ಅರ್ಧ ಅಂಕ ಕಡಿಯುತ್ತ ಬಂದವಳು ನಾನು.
ಯಂತ್ರದ ಅಚ್ಚಿನಲ್ಲಿ ಎಲ್ಲೂ ಸಿ ಇಲ್ಲ,
ಒಂದೇ ಒಂದು ಹಾಳೆಯಲ್ಲೂ ಇಲ್ಲ.
ಗೌಸಿಯಾ ಹರಿದ ಗೆರೆಯ ಕೆಳಗೆ
ಅದೇ ಉತ್ತರ ಮತ್ತೆ ಬರೆದಿದ್ದಾಳೆ, ಪ್ಲಸ್ ಸಿ.
ಅಂಟಿಸಿದ ಅಚ್ಚಿನ ತುದಿಗೂ, ನೀಲಿ ಇಂಕಿನಲ್ಲಿ,
ಯಂತ್ರದ ಪರವಾಗಿ, ಇನ್ನೊಂದು.

ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದೆ, ಹಾಕಿದೆ.
ಹನ್ನೊಂದು ವರ್ಷದ ಆ ಅರ್ಧಗಳೆಲ್ಲ
ಎಲ್ಲಿ ಹೋದವೋ, ಯಾವ ಚೀಲಕ್ಕೆ.